ಟಾಕಿಯೊಳಗೆ ಮೈ ತುಂಬಿದವಳು

ನಮ್ಮ ಅತ್ತೆ ಆ ಮಾತನ್ನು ಮೊದಲ ಸಲ ಹೇಳಿದಾಗ ನಾನು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ರಜೆಯ ದಿನದ ಮಟಮಟ ಮಧ್ಯಾಹ್ನ. ಅತ್ತೆ ನೀರಿನ ಟಾಕಿಯ ಕಬ್ಬಿಣದ ಮುಚ್ಚಳ ಸರಿಸಿ, ಮೊಣಕೈವರೆಗೆ ಕೈ ಇಳಿಬಿಟ್ಟು ಒಳಗೋಡೆಯನ್ನು ಸವರುತ್ತಿದ್ದರು.

“ಹ್ವಾದ ಅಮಾಸಿಗಿಂತ ಮೈ ತುಂಬ್ಯಾಳ ನೋಡು,” ಅಂದರು.

“ಯಾರ್ರೀ ಅತ್ತಿ?”

“ಮತ್ಯಾರು? ಗಂಗವ್ವ!”

ನನಗೆ ನಗು ಬಂತು. ಇಳಕಲ್ಲಿನ ಒಂದು ಸಣ್ಣ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆವರೆಗೆ ಊರವರ ರಕ್ತ, ಮೂತ್ರ ಪರೀಕ್ಷೆ ಮಾಡುವವಳು ನಾನು. ಇಂಥ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹತ್ತುತ್ತಿರಲಿಲ್ಲ.

ಹುನಗುಂದದಿಂದ ಮರೋಳದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹೊಲಮನೆ. ಮೊದಲು ಅಲ್ಲಿ ಬಾವಿಯಿತ್ತಂತೆ. ಪ್ರತಿ ಅಮಾವಾಸ್ಯೆ ದಂಡೆಯ ಮೇಲೆ ಐದು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಬಾವಿಗೆ ಒಂದು ತಂಬಿಗೆ ಹಾಲು ಬೆಲ್ಲ ಸುರಿಯುವುದು ಈ ಮನೆಯ ಹೆಂಗಸರ ಪದ್ಧತಿ. ಬಾವಿ ಹೂಳು ತುಂಬಿ ಹೋಯಿತು, ಬೋರು ಬಂತು. ಬೋರಿನ ಬಾಯಿಗೆ ಕಬ್ಬಿಣದ ಟೊಪ್ಪಿಗೆ, ಅದರೊಳಗೆ ಏನು ಸುರಿಯುತ್ತೀರಿ? ಅದಕ್ಕೇ ಅತ್ತೆ ಬೋರಿನ ನೀರು ಬಂದು ಬೀಳುವ ಸಿಮೆಂಟ್ ಟಾಕಿಗೆ ಉಣ್ಣಿಸತೊಡಗಿದರು. ಬಾವಿಯಲ್ಲಿ ಮೀನಿದ್ದವು, ಆಮೆಯಿತ್ತು, ತಿಂದು ಅರಗಿಸಿಕೊಳ್ಳುತ್ತಿದ್ದವು. ಮುಚ್ಚಿದ ಟಾಕಿಯಲ್ಲಿ ಯಾರಿದ್ದಾರೆ ಅಂತ ಅವರೂ ಯೋಚಿಸಲಿಲ್ಲ, ಸಾಲಿ ಕಲಿತ ನಾನೂ ಯೋಚಿಸಲಿಲ್ಲ.

ನಗು ಮುಗಿದ ಮೇಲೆ ನಾನೂ ಟಾಕಿಯೊಳಗೆ ಕೈ ಇಳಿಬಿಟ್ಟೆ. ನೀರು ತಣ್ಣಗಿತ್ತು, ಗೋಡೆ ಸಿಗಲಿಲ್ಲ. ಗೋಡೆ ಇರಬೇಕಾದ ಕಡೆ ದಪ್ಪನೆಯ ಏನೋ ಒಂದು, ಈಗ ತಾನೇ ಹುಟ್ಟಿದ ಕುರಿಮರಿಯ ಮೈಮೇಲಿನ ಪೊರೆಯಂತೆ ಜಾರಿತು. ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಉಬ್ಬಿ ಬಂತು. ಥಟ್ಟನೆ ಕೈ ಎಳೆದುಕೊಂಡೆ. ಪಾಚಿಗೆ ಬಿಸಿಲು ಬೇಕು, ಆ ಟಾಕಿಯೊಳಗೆ ಬಿಸಿಲಿನ ಸುಳಿವೇ ಇರಲಿಲ್ಲ. ಬೆರಳಿಗೆ ಹತ್ತಿದ್ದನ್ನು ಮೂಸಿದರೆ ಕೊಳೆಯಲು ಶುರುವಾದ ದ್ರಾಕ್ಷಿಯ ಸಿಹಿ ವಾಸನೆ. ಸೋಪು ಹಚ್ಚಿ ಮೂರು ಸಲ ತೊಳೆದೆ, ಸಂಜೆ ರೊಟ್ಟಿ ಬಡಿಯುವಾಗಲೂ ಅದೇ ವಾಸನೆ ಬಂತು.

ಆ ಹೊತ್ತಿಗೆ ನಮ್ಮ ಮನೆಯ ಚಿಂತೆಯೇ ಬೇರೆ ಇತ್ತು. ಅತ್ತೆಗೆ ಹತ್ತು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಕೆಳಗೆ ಜಾಲಿ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ, ಗೊತ್ತಾಗುವಷ್ಟರಲ್ಲಿ ಗಾಯ ರೂಪಾಯಿ ಬಿಲ್ಲೆಯಷ್ಟಾಗಿತ್ತು. ಮಾಯದಿದ್ದರೆ ಕಾಲು ಉಳಿಯುವುದಿಲ್ಲ ಅಂತ ದವಾಖಾನೆಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಕಾಲೇ ಅತ್ತೆಯ ಜೀವ. ಕುರಿ ಹಿಂಡಿನ ಹಿಂದೆ ಅಡ್ಡಾಡಿ ಬಾಳಿದ ಹೆಂಗಸು, ಪ್ರತಿ ವರ್ಷ ಬೀರಪ್ಪನ ಗುಡಿಗೆ ಬರಿಗಾಲಲ್ಲೇ ಹೋಗುವವರು. ದಿನಾ ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಿಯೇ ನಾನು ಬಸ್ಸು ಹತ್ತುತ್ತಿದ್ದೆ. ಮಾಯುವಂತೆ ಕಾಣುತ್ತಿತ್ತು, ಮತ್ತೆ ಬಾಯಿ ಬಿಡುತ್ತಿತ್ತು.

ಟಾಕಿಯ ಗೋಡೆಯಿಂದ ಕೆರೆದದ್ದನ್ನು ಒಂದು ದಿನ ಔಷಧದ ಬಾಟಲಿಯಲ್ಲಿ ಲ್ಯಾಬಿಗೆ ಒಯ್ದೆ. ಗಾಜಿನ ಮೇಲೆ ಒಂದು ಹನಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಅಯ್ಯೋ ದೇವರೇ! ಅಂಚಿನಲ್ಲಿ ಸಣ್ಣ ಸಣ್ಣ ಕಡ್ಡಿಗಳಂಥವು ಪುಳಪುಳ ಅಂತ ಓಡುತ್ತಿದ್ದವು. ನಡುವೆ ಲಕ್ಷಗಟ್ಟಲೆ ಗುಂಪುಗೂಡಿ, ತಮ್ಮದೇ ಅಂಟಿನಲ್ಲಿ ಹೂತು, ಅಲುಗಾಡದೆ ಕೂತಿದ್ದವು. ಓಡುತ್ತಿದ್ದ ಒಂದು ಆ ಗುಂಪಿನ ಹತ್ತಿರ ಬಂತು, ತಾಗಿತು, ಅಲ್ಲೇ ನಿಂತುಬಿಟ್ಟಿತು. ಅತ್ತೆ ಸವರಿ ಮಾತಾಡಿಸುತ್ತಿದ್ದದ್ದು ಇದನ್ನೇ.

ಆ ಭಾನುವಾರ ಯಜಮಾನರನ್ನು ಟಾಕಿಗೆ ಇಳಿಸಿ, ಕಸಬರಿಗೆಯಿಂದ ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಸುರಿಸಿದೆ. ಹಸಿ ಚರ್ಮದಂಥ ತುಂಡುಗಳು ಬುಟ್ಟಿಗಟ್ಟಲೆ ಬಂದವು. ಅತ್ತೆ ಸೆರಗು ಬಾಯಿಗೆ ಒತ್ತಿ ನಿಂತಿದ್ದರು.

“ಹೆಣ್ಣಮಗಳ ಮೈ ಸುಲದಂಗ ಸುಲದ್ರಲ್ಲೋ,” ಅಂದರು.

“ಸುಮ್ನಿರ್ರಿ ಅತ್ತಿ! ಅದು ಗಂಗವ್ವ ಅಲ್ಲ, ಹೊಲಸು,” ಅಂತ ಒದರಿದೆ. ಒದರುವುದು ನನಗೆ ಚೆನ್ನಾಗಿ ಬರುತ್ತದೆ. ಹಾಲು ಬೆಲ್ಲ ಯಾಕೆ ಹಾಕಬಾರದು ಅಂತ ಕೂತು ಬಿಡಿಸಿ ಹೇಳುವ ತಾಳ್ಮೆ ಮಾತ್ರ ಇರಲಿಲ್ಲ.

ಸಿಟ್ಟಿಗೆದ್ದ ಗಂಗವ್ವನನ್ನು ಸಮಾಧಾನ ಮಾಡಬೇಕಲ್ಲ? ಮುಂದಿನ ಅಮಾವಾಸ್ಯೆಗೆ ಅತ್ತೆ ಎರಡು ತಂಬಿಗೆ ಸುರಿದರು. ಇಪ್ಪತ್ತು ದಿನಕ್ಕೆ ಗೋಡೆ ಮೊದಲಿಗಿಂತ ದಪ್ಪಗಾಯಿತು. ನಲ್ಲಿಗೆ ಕಟ್ಟಿದ ಬಟ್ಟೆಯಲ್ಲಿ ಕೂದಲಿನಂಥ ಎಳೆಗಳು ಸಿಕ್ಕಿಕೊಳ್ಳತೊಡಗಿದವು. ಮುಚ್ಚಳ ತೆಗೆದರೆ ಸಾಕು, ಆ ಸಿಹಿ ವಾಸನೆ ಮುಖಕ್ಕೇ ಬಂದು ಬಡಿಯುತ್ತಿತ್ತು. ಒಳಗೆ ಯಾರೋ ಉಂಡು ತೇಗಿದ ಹಾಗೆ.

ಅದರ ಮುಂದಿನ ಅಮಾವಾಸ್ಯೆಗೆ ಅತ್ತೆ ಕೂಡಲಸಂಗಮದ ಹತ್ತಿರ ಮಗಳ ಮನೆಗೆ ಹೋಗಿದ್ದರು. ಮುಂಜಾನೆಯೇ ಫೋನು. “ಮರೀಬ್ಯಾಡವ್ವಾ, ಆಕೀನ ಉಪಾಸ ಕೆಡವಬ್ಯಾಡ.” ಹೂಂ ಅಂದು ಸುಮ್ಮನಿದ್ದಿದ್ದರೆ ಯಾರು ಕೇಳುತ್ತಿದ್ದರು? ಮನೆಯಲ್ಲಿ ನಾನೊಬ್ಬಳೇ. ಆದರೆ ಟಾಕಿಯ ಮುಂದೆ ನಿಂತಾಗ ಹೆದರಿಕೆಯಾಯಿತು, ಖರೆ ಹೇಳುತ್ತೇನೆ. ಉಣ್ಣಿಸದಿದ್ದರೆ ಅದಕ್ಕೆ ಗೊತ್ತಾಗುತ್ತದೆ ಅನ್ನಿಸಿತು. ಹಾಲು ಬೆಲ್ಲ ಸುರಿದೆ. “ಉಣ್ಣವ್ವಾ,” ಅಂತ ನನ್ನ ಬಾಯಿಂದಲೇ ಬಂತು.

ಅತ್ತೆ ತಿರುಗಿ ಬಂದ ವಾರದಲ್ಲಿ ಒಂದು ಬೆಳಿಗ್ಗೆ ಅವರ ಕಾಲಿನ ಪಟ್ಟಿ ಬಿಚ್ಚಿದೆ. ದ್ರಾಕ್ಷಿಯ ವಾಸನೆ. ಗಾಯದ ಮೇಲೆ ಹಸಿರು ಛಾಯೆಯ ತೆಳುವಾದ ಹೊಳಪು, ಹತ್ತಿಯಿಂದ ಒತ್ತಿದರೆ ಜಾರಿತು.

“ಅತ್ತಿ, ಇದಕ್ಕ ಏನ್ ಹಚ್ಚೀರಿ?”

“ಏನೂ ಇಲ್ಲ. ನೀ ಹ್ವಾದ ಮ್ಯಾಲ ದಿನಾ ಪಟ್ಟಿ ಬಿಚ್ಚಿ ಗಂಗವ್ವನ ನೀರಾಗ ತೊಳಕೊಂತೇನಿ. ಆಕಿನss ಮಾಯಿಸ್ತಾಳ.”

ಅತ್ತೆಯನ್ನು ಅವತ್ತೇ ಬಾಗಲಕೋಟೆಗೆ ಕರೆದುಕೊಂಡು ಹೋದೆ, ಜೊತೆಗೆ ಟಾಕಿಯಿಂದ ಕೆರೆದದ್ದನ್ನೂ ಒಯ್ದೆ. ಮೂರನೆಯ ದಿನ ಅಲ್ಲಿನ ಲ್ಯಾಬಿನ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಎರಡು ಗಾಜಿನ ತಟ್ಟೆ ತೋರಿಸಿದರು. ಒಂದರಲ್ಲಿ ಟಾಕಿಯದು, ಇನ್ನೊಂದರಲ್ಲಿ ಗಾಯದ್ದು. ಎರಡೂ ಒಂದೇ ಹಸಿರು, ಎರಡಕ್ಕೂ ಒಂದೇ ವಾಸನೆ. ಯಾವುದು ಯಾವುದೆಂದು ಚೀಟಿ ನೋಡಿಯೇ ತಿಳಿಯಬೇಕಿತ್ತು.

“ಇದಕ್ಕ ಬಯೋಫಿಲ್ಮ್ ಅಂತಾರ,” ಅಂದರು ಡಾಕ್ಟರಮ್ಮ. “ಈ ರೋಗಾಣು ನೀರಾಗ ಒಂದೊಂದss ತೇಲುವಾಗ ಔಷಧಕ್ಕ ಸಾಯ್ತಾವ. ಉಣ್ಣಾಕ ಚಲೋ ಸಿಕ್ರ ಗ್ವಾಡಿ ಹಿಡದು ಕುಂದರ್ತಾವ, ಅಂಟು ಬಿಟ್ಟು ಮನಿ ಕಟ್ಟತಾವ. ಆಮ್ಯಾಲ ಔಷಧ ಬರೇ ಮ್ಯಾಲಿನ ಮಾಳಗಿಗೆ ಬಡೀತೈತಿ, ಒಳಗಿನವ್ರಿಗೆ ಏನೂ ಆಗೂದಿಲ್ಲ. ಉಜ್ಜಿದ್ರಷ್ಟss ಸಾಲೂದಿಲ್ಲ ತಂಗಿ, ಊಟ ನಿಲ್ಲಸ್ಬೇಕು. ನಿಮ್ಮ ಟಾಕಿಯೊಳಗ ಬೆಲ್ಲ, ನಿಮ್ಮ ಅತ್ತಿ ರಕ್ತದಾಗ ಸಕ್ಕರಿ. ಅದಕ್ಕ ಎರಡೂ ಕಡೆ ಹಬ್ಬ ಆಗೇತಿ.”

ಟಾಕಿಗೆ ಸುರಿಯುವುದು ಅಂದೇ ನಿಂತಿತು. ಯಜಮಾನರು ಟಾಕಿಯನ್ನೇ ಒಡೆದು ಹಾಕಿದರು. ಆದರೆ ಅತ್ತೆಯ ಕಾಲಿನಲ್ಲಿ ಅದು ಎಲುಬಿನವರೆಗೆ ಇಳಿದಿತ್ತು. ಎರಡು ವಾರ ಸೂಜಿಮದ್ದು ಕೊಟ್ಟು, ಕೊನೆಗೆ ಪಾದದ ಮುಂದಿನ ಅರ್ಧ ತೆಗೆದರು. ಅತ್ತೆ ಅಳಲಿಲ್ಲ. ಮಂಚದ ತುದಿಯಲ್ಲಿ ಚಾದರ ತಗ್ಗಿದ ಜಾಗವನ್ನೇ ನೋಡುತ್ತಿದ್ದರು. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಬಿಕ್ಕಿ ಬಿಕ್ಕಿ ಅತ್ತು, ಮುಖ ತೊಳೆದು ಬಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಕೇಳಿದರು. “ಖರೆ ಹೇಳು. ನಾ ಉಣ್ಣಿಸಿದ್ದss ನನ್ನ ಕಾಲು ತಿಂತೇನು?”

ಇಲ್ಲ ಅನ್ನಬಹುದಿತ್ತು. “ಹೌದ್ರಿ ಅತ್ತಿ,” ಅಂದೆ. “ನಾನೂ ಉಣ್ಣಿಸೇನಿ.”

ಅತ್ತೆ ನನ್ನ ಕೈ ಹಿಡಿದುಕೊಂಡರು.

“ಟಾಕಿ ಒಡದ್ರಿ, ಕಾಲು ತಗದ್ರಿ. ಇನ್ನ ಎಲ್ಲಿ ಉಣ್ಣಬೇಕದು? ಹಸಕೊಂಡಿರತೈತಿ, ಪಾಪ.”

ಒಂದು ತಾಸಿನ ಹಿಂದೆ ಅವರ ಬೆರಳು ಚುಚ್ಚಿ ಸಕ್ಕರೆ ನೋಡಿದವಳು ನಾನೇ. ರಕ್ತದೊಳಗಿನ ಸಕ್ಕರೆ ಒಂದಿಷ್ಟೂ ಇಳಿದಿರಲಿಲ್ಲ.