ಕಂಠ ಸೀಳಿದ ಗಡಿಗೆ

ರಾಯಬಾಗ, ಸಂತೆಯ ದಿನ. ನನ್ನ ಚೀಲದಲ್ಲಿ ನಿಪ್ಪಾಣಿಯ ಗುಜರಿಯಲ್ಲಿ ಸಿಕ್ಕ ಹಳೆಯ ಗೋಲಿಸೋಡಾ ಬಾಟಲಿ ಇತ್ತು, ಮೂತಿ ಮುಕ್ಕಾದದ್ದು. ನನಗೆ ಇಂಥವೇ ಇಷ್ಟ. ಬಸ್ ನಿಲ್ದಾಣದ ಪಕ್ಕದಲ್ಲಿ ಕುಂಬಾರರ ಗಂಗವ್ವ ಒಂದೊಂದು ಗಡಿಗೆಯನ್ನೂ ಬೆರಳಿನ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಆಮೇಲೆ ಗಿರಾಕಿಗೆ ಕೊಡುತ್ತಿದ್ದಳು. ಆಕೆಯ ಬೆನ್ನ ಹಿಂದೆ ಒಂದು ಗಡಿಗೆ ಬೇರೆಯಾಗಿ ಕೂತಿತ್ತು. ಗಡಿಗೆ ಸುಡುವ ಆವಿಗೆಯ ಹೊಗೆ ಅದರ ಹೊಟ್ಟೆಯ ಮೇಲೆ ಮಳೆಮೋಡದಂತೆ ಹರಡಿತ್ತು. ಅದನ್ನೇ ಕೇಳಿದೆ.

"ಅದರ ಕಂಠ ಸೀಳೈತ್ರಿ. ಕೊಡೂದಿಲ್ಲ."

"ನೀರು ಹಾಕಲ್ಲಮ್ಮ. ಮನೇಲಿ ನೋಡೋಕೆ ಇಡ್ತೀನಿ."

"ನೋಡಿದವರು, ಯಾರು ಮಾಡ್ಯಾರಂತ ಕೇಳೂದಿಲ್ಲೇನ್ರಿ?"

ಪೂರ್ತಿ ಬೆಲೆ ಕೊಡುತ್ತೇನೆಂದೆ. ಅದೇ ತಪ್ಪಾಯಿತು. ಗಂಗವ್ವ ಕಲ್ಲೊಂದನ್ನು ಎತ್ತಿಕೊಂಡು ಆ ಗಡಿಗೆಯ ಕಂಠಕ್ಕೆ ಒಂದೇಟು ಹಾಕಿದಳು. ಮೇಲಿನ ಅರ್ಧ ಚೂರುಚೂರಾಯಿತು. ಆಮೇಲೆ ಗಟ್ಟಿ ಗಡಿಗೆಯೊಂದನ್ನು ಆರಿಸಿ, ನನ್ನ ಕಿವಿಯ ಹತ್ತಿರ ಹಿಡಿದು ಬಡಿದಳು.

"ಇದನ್ನ ಒಯ್ರಿ. ನೀರ್ ಹಾಕ್ರಿ."

ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಿಟಕಿಯಿಂದ ನೋಡಿದರೆ, ಒಡೆದ ಗಡಿಗೆಯ ಉಳಿದ ಕೆಳಗಿನ ಅರ್ಧದಲ್ಲಿ ಗಂಗವ್ವ ನೀರು ಹೊಯ್ದಿಟ್ಟಿದ್ದಳು. ಸಂತೆಗೆ ಬಂದ ಆಡೊಂದು ಕುಡಿಯುತ್ತಿತ್ತು. ಒಂದು ತೊಟ್ಟೂ ಸೋರುತ್ತಿರಲಿಲ್ಲ.