ನೀರು ಬಾರದ ಊರಿಗೆ ಒಕ್ಕಲು

ಆಟ ನಿಲ್ಲಿಸಿದ್ದೇವೆ ಎಂಬ ಸುದ್ದಿ ಓದಿದ ದಿನ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಅರಕಲಗೂಡಿನ ನನ್ನ ಜೆರಾಕ್ಸ್ ಅಂಗಡಿಗೆ ಪಹಣಿ ಪ್ರಿಂಟ್ ತೆಗೆಸಲು ಬಂದಿದ್ದ ರೈತರೊಬ್ಬರು ತಮ್ಮನ್ನೇ ಬೈದೆನೆಂದುಕೊಂಡು ಹೊರಗೆ ಹೋಗಿ ನಿಂತರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅವತ್ತಿನ ಸಿಟ್ಟು ನನಗಾಗಿ ಬಂದದ್ದಲ್ಲ, ಅತ್ತೆಗಾಗಿ.

ಅತ್ತೆ ಅಂದರೆ ನಮ್ಮಪ್ಪನ ತಂಗಿ, ನಮ್ಮ ಜೊತೆಗೇ ಇದ್ದಾಳೆ. ಮೂರು ವರ್ಷದ ಹಿಂದೆ ನಾನು ಊರು ಕಟ್ಟುವ ಒಂದು ಕಂಪ್ಯೂಟರ್ ಆಟ ಕೊಂಡಿದ್ದೆ. ಅರ್ಲಿ ಆಕ್ಸೆಸ್ ಅನ್ನುತ್ತಾರೆ: ಕೆಲಸ ಅರ್ಧ ಇರುವಾಗಲೇ ಮಾರುತ್ತಾರೆ, ಉಳಿದದ್ದನ್ನು ಅಪ್‌ಡೇಟ್‌ನಲ್ಲಿ ಕಳಿಸುತ್ತೇವೆ ಅನ್ನುತ್ತಾರೆ. ಒಂದು ಮಧ್ಯಾಹ್ನ ಅಂಗಡಿಗೆ ಊಟದ ಡಬ್ಬಿ ತಂದ ಅತ್ತೆ, ಪರದೆಯ ಮೇಲೆ ಹೆಂಚಿನ ಮನೆ ಏಳುವುದನ್ನು ನೋಡಿ ಸ್ಟೂಲ್ ಎಳೆದುಕೊಂಡು ಕೂತಳು. ಜಗಲಿ ಬೀದಿ ಕಡೆಗಿರಬೇಕು, ನಮ್ಮನೆಯದು ಹಾಗೇ ಇತ್ತು ಅಂದಳು. ಅವಳು ಹೇಳಿದ್ದು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದ ಮನೆಯ ಮಾತು. ಅಣೆಕಟ್ಟು ತುಂಬಿದಾಗ ಅವಳಿಗೆ ಹತ್ತೋ ಹನ್ನೊಂದೋ; ಕೈಹಿಡಿದು ಕರೆತಂದ ಅವಳ ಅವ್ವ ಈಗಿಲ್ಲ. ಅದೇ ಹಿನ್ನೀರಿನ ಶೆಟ್ಟಿಹಳ್ಳಿಯಲ್ಲಾದರೆ ಚರ್ಚಿನ ಗೋಡೆಯಾದರೂ ನಿಂತಿದೆ, ಜನ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮೂರಿನದು ಬೇಸಗೆಯಲ್ಲೂ ಒಂದು ಚಪ್ಪಡಿಯೂ ಕಾಣುವುದಿಲ್ಲ.

ಅವತ್ತಿನಿಂದ ಅವಳು ಹೇಳುವುದು, ನಾನು ಮೌಸ್ ಹಿಡಿಯುವುದು. ಯಾರ ಮನೆ ಪಕ್ಕ ಯಾರ ಮನೆ, ಕಣ ಎಲ್ಲಿ, ಹುಣಸೆಮರ ಎಲ್ಲಿ ಎಲ್ಲವೂ ಬಾಯಲ್ಲೇ ಇತ್ತು. ಒಂದು ಅಡ್ಡಗೋಡೆ ಆಚೀಚೆ ಆದರೂ ಕೆಡವಿಸುತ್ತಿದ್ದಳು. ಎರಡು ವರ್ಷಕ್ಕೆ ಮೂವತ್ತೆಂಟು ಮನೆ ಎದ್ದವು, ಒಂದರಲ್ಲೂ ಜನವಿಲ್ಲ. ಜನರನ್ನು ತುಂಬುವುದು ಆಟದಲ್ಲಿ ಸಲೀಸು, ಆದರೆ ಅತ್ತೆ ಬಿಡಲಿಲ್ಲ. ಆ ಆಟದಲ್ಲಿ ಇನ್ನೂ ನೀರೇ ಇರಲಿಲ್ಲ. ಬಾವಿ ತೋಡಿದರೆ ಬರೀ ಕಪ್ಪು ತೂತು. ನೀರು, ಹೊಳೆ ಎಲ್ಲ ಮುಂದಿನ ಅಪ್‌ಡೇಟ್‌ನಲ್ಲಿ ಎಂದು ಬರೆದಿದ್ದರು. ನಮ್ಮ ಕಡೆ ಮನೆ ಒಕ್ಕಲಿಗೆ ಮೊದಲು ಗಂಗೆ ಪೂಜೆ ಮಾಡಿ, ತುಂಬಿದ ಬಿಂದಿಗೆ ಹೊತ್ತು ಹೊಸಿಲು ದಾಟುವುದು ಪದ್ಧತಿ. ನೀರು ಬರುವ ತನಕ ಯಾರನ್ನೂ ಒಳಗೆ ಕಳಿಸಕೂಡದು ಎಂದು ಪಟ್ಟು ಹಿಡಿದಳು. ಬೊಂಬೆಗಳಿಗೆ ಎಂಥ ಗಂಗೆ ಪೂಜೆ ಎಂದು ರೇಗಿಸಿದ್ದಕ್ಕೆ ಎರಡು ದಿನ ಊಟದ ಡಬ್ಬಿ ಬರಲಿಲ್ಲ. ಆಮೇಲೆ ತೆಪ್ಪಗಾದೆ. ನೀರು ಬಂತಾ ಎಂದು ವಾರಕ್ಕೊಮ್ಮೆ, ನಲ್ಲಿ ನೀರು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದಳು.

ಹಾಗಿರುವಾಗ ಬಂದ ಸುದ್ದಿ ಅದು. ಇನ್ನು ಅಪ್‌ಡೇಟ್ ಇಲ್ಲ, ಇದ್ದಷ್ಟು ಆಟ ನಿಮ್ಮ ಕಂಪ್ಯೂಟರಿನಲ್ಲಿ ಹಾಗೇ ಇರುತ್ತದೆ, ಕ್ಷಮಿಸಿ. ಆಟದ ಪುಟದಲ್ಲಿ ನಾನು ಮೋಸಗಾರರು ಎಂದು ಉದ್ದಕ್ಕೆ ಜಾಡಿಸಿ ಬರೆದೆ. ಸಂಜೆಯೊಳಗೆ ಉತ್ತರ ಬಂತು. ಕಂಪನಿ ಎಂದರೆ ಒಬ್ಬನೇ ಮನುಷ್ಯ! ನೀರು ಹರಿಸುವುದಕ್ಕೇ ಒಂದೂವರೆ ವರ್ಷ ಒದ್ದಾಡಿದೆ, ಆಗಲಿಲ್ಲ, ಈಗ ಬೇರೆ ಕಡೆ ಕೆಲಸಕ್ಕೆ ಸೇರಿದ್ದೇನೆ, ಕೊಟ್ಟ ಮಾತು ನಡೆಸಲಾಗಲಿಲ್ಲ ಎಂದಿದ್ದ. ಓದಿ ನಾಚಿಕೆಯಾಯಿತು. ಬರೆದದ್ದನ್ನು ಅಳಿಸಿದೆ.

ಅತ್ತೆಗೆ ಹೇಳಲು ಧೈರ್ಯ ಸಾಲದೆ ಮೂರು ದಿನ ತಳ್ಳಿದೆ. ಹೇಳಿದಾಗ ಅವಳು ಮೊದಲು ವಿಚಾರಿಸಿದ್ದು ಆ ಮನುಷ್ಯನ ಬಗ್ಗೆ. ಹೆಂಡತಿ ಮಕ್ಕಳಿದ್ದಾರಾ, ಹೊಸ ಕೆಲಸದಲ್ಲಿ ಹೊಟ್ಟೆಗೆ ಸಾಕಾಗುತ್ತದಾ ಎಂದು ಕೇಳಿದಳು. ನನಗೇನು ಗೊತ್ತು? ಪಾಪ, ಒಬ್ಬನೇ ಎಷ್ಟು ಅಂತ ಮಾಡುತ್ತಾನೆ ಎಂದು ಲೊಚಗುಟ್ಟಿ, ಪರದೆಯನ್ನೇ ನೋಡುತ್ತಾ ಕೂತಳು. ನನಗೆ ಸಂಕಟವಾಯಿತು. ನೀರಿರುವ ಬೇರೆ ಆಟ ತರುತ್ತೇನೆ, ಮೊದಲಿನಿಂದ ಕಟ್ಟೋಣ ಎಂದೆ.

“ನೀರ್ ಬಂದಿದ್ಕೇ ಕಣ್ಲಾ ನಾವು ಎದ್ ಬಂದಿದ್ದು,” ಅಂದಳು. “ಬರ್ದಿದ್ರೆ ಬ್ಯಾಡ ಬುಡು. ಒಕ್ಕಲು ಮಾಡ್ಸು.”

ಗಿರಾಕಿಗಳು ಬಾರದಿರಲೆಂದು ಅಂಗಡಿಯ ಷಟರ್ ಅರ್ಧ ಎಳೆದೆ. ನಮ್ಮ ಮನೆಯಿಂದಲೇ ಶುರು ಮಾಡಿದೆ. ಆಟ ಒಬ್ಬೊಬ್ಬರನ್ನೇ ಕೇಳುತ್ತದೆ, ಗಂಡಸೋ ಹೆಂಗಸೋ ಮಗುವೋ ಎಂದು. ಯಾರನ್ನು ಹಾಕಲಿ ಎಂದು ತಿರುಗಿ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

“ಮೊದ್ಲು ನಮ್ಮವ್ವನ್ನ ಒಳಿಕ್ಕೆ ಕರಿ,” ಅಂದಳು. “ಆಚೆ ನಿಂತ್ಕಂಡು ಬಾಳ ದಿನ ಆಯ್ತು.”