ಬೀರುವಿನ ಬುಡ ಹಿಡಿಯುವ ಅಣ್ಣ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯಿಂದ ದೊಡ್ಡದೊಂದು ಮರದ ಬೀರು ಮೆಟ್ಟಿಲಿಳಿಯುತ್ತಿದೆ. ಹೆಗಲಿಗೆ ಗೋಣಿಚೀಲ ಮಡಚಿ ಹಾಕಿಕೊಂಡು, ಬೀರುವಿನ ಕೆಳತುದಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿರುವವರು ಬುಡದಣ್ಣ. ಮನೆ ಸಾಮಾನು ಸಾಗಿಸುವುದು ಇವರ ಕಸುಬು. ಇಳಿಸುವಾಗ ಭಾರವೆಲ್ಲ ಬುಡ ಹಿಡಿದವರ ಮೇಲೆ. ಆ ಜಾಗವನ್ನು ಇಷ್ಟು ವರ್ಷ ಯಾರಿಗೂ ಬಿಟ್ಟುಕೊಡದಿದ್ದಕ್ಕೇ ಈ ಹೆಸರು. ಹುಟ್ಟುಹೆಸರು ಹೆಂಡತಿಗೂ ಥಟ್ಟನೆ ನೆನಪಾಗುವುದಿಲ್ಲವಂತೆ!

ತಂಡದಲ್ಲೊಂದು ಕಟ್ಟಳೆಯಿದೆ. ಬುಡ ಹಿಡಿದವರು "ಹ್ಞೂಂ" ಎಂದರಷ್ಟೇ ಮೇಲಿನವರು ಕಾಲೆತ್ತಬೇಕು. ಅಲ್ಲಿಯವರೆಗೆ ಮೇಲಿನವರ ಬಾಯಿಗೆ ಬೀಗ. ಮೇಲ್ತುದಿ ಹಿಡಿಯುವ ಭಾವಮೈದುನ ಮಹಾ ಬಾಯಿಬಡುಕ, ಪಾಪ, ಅವನಿಗೆ ಬೀರುವಿಗಿಂತ ಇದೇ ಕಷ್ಟ.

ಈಚೆಗೆ ಬುಡದಣ್ಣನ ಸೊಂಟ ಮಾತು ಕೇಳುತ್ತಿಲ್ಲ. ಇನ್ನೊಮ್ಮೆ ಉಳುಕಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೆದರಿಸಿದ್ದಾರೆ. ಹಾಗೆಂದು ಬುಡ ಬಿಡುವ ಆಸಾಮಿಯೇ ಇವರು? "ಒಂದ್ಸಲ ಮೇಜು ಜಾರಿ ನನ್ನ ಎದೆ ಮೇಲೇ ಬಂದಿತ್ತು. ಹೆಂಡತಿ ತಮ್ಮನ್ನ ಆ ಜಾಗದಲ್ಲಿ ನಿಲ್ಲಿಸಿ ಯಾವ ಮುಖ ಹೊತ್ಕೊಂಡು ಮನೆಗೆ ಹೋಗ್ಲಿ?" ಎನ್ನುತ್ತಾರೆ.

ಎರಡನೇ ಮಹಡಿಯ ತಿರುವಿನಲ್ಲಿ ಬೀರು ಇಳಿಸಿ ಸುಧಾರಿಸಿಕೊಳ್ಳುತ್ತಾರೆ. ಬೀರುವಿನ ಒಡತಿ ನಿವೃತ್ತ ಭಾಷಾ ಅಧ್ಯಾಪಕಿ. ನೀರು ಕೊಡುತ್ತಾ ಸುಮ್ಮನಿರಲಾರದೆ ತಂಡದವರಿಗೆ ಹೇಳುತ್ತಾರೆ: "ಎಷ್ಟು ಗೌರವ ನಿಮಗೆ ಇವರ ಮೇಲೆ! ಒಬ್ಬರೂ ತುಟಿ ಬಿಚ್ಚಲ್ಲ. ಗೌರವ ಅನ್ನೋ ಪದ ಹುಟ್ಟಿದ್ದು 'ಗುರು' ಅನ್ನೋದರಿಂದ. ಗುರು ಅಂದ್ರೆ ಬರೀ ಮೇಷ್ಟ್ರು ಅಲ್ಲ, ಭಾರವಾದದ್ದು ಅಂತ. ಗೌರವ ಅಂದ್ರೂ ಮೊದಲ ಅರ್ಥ ಭಾರವೇ."

"ಹಾಗಾದ್ರೆ ಮೇಡಂ, ಮೊದಲ ನಮಸ್ಕಾರ ನಿಮ್ಮ ಬೀರುಗೇ!" ಎಂದು ಬುಡದಣ್ಣ ಕೈ ಮುಗಿಯುತ್ತಾರೆ. ಎಲ್ಲರೂ ನಗುತ್ತಾರೆ.

ಭಾವಮೈದುನ ಮಾತ್ರ ನಗುವುದಿಲ್ಲ. ಲೋಟ ಕೆಳಗಿಟ್ಟು, ಭಾವನ ಹೆಗಲ ಗೋಣಿಚೀಲ ಎಳೆದು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಾನೆ. "ಬಾಯಿ ಮುಚ್ಕೊಂಡು ಮರ್ಯಾದೆ ಕೊಟ್ಟಿದ್ದು ಸಾಕು ಭಾವ. ಇವತ್ತು ಭಾರ ಇಲ್ಲಿ ಕೊಡಿ. ಅಕ್ಕನಿಗೆ ನಾನು ಹೇಳ್ಕೋತೀನಿ."

ಬುಡದಣ್ಣ ಗದರುತ್ತಾರೆ, ಗೋಣಿಚೀಲಕ್ಕೆ ಕೈ ಹಾಕುತ್ತಾರೆ. ಅವನು ಜಗ್ಗುವುದಿಲ್ಲ. ಕೊನೆಗೆ ಗೊಣಗುತ್ತಲೇ ಮೇಲ್ತುದಿಗೆ ಹೋಗಿ ನಿಲ್ಲುತ್ತಾರೆ. ಕೆಳಗಿನಿಂದ "ಹ್ಞೂಂ" ಬಂದ ಮೇಲೆಯೇ ಅವರ ಕಾಲು ಮೇಲೇಳುತ್ತದೆ.

ಬೀರು ಸುಸೂತ್ರವಾಗಿ ಲಾರಿ ಸೇರುತ್ತದೆ. ಬುಡದಣ್ಣ ಕಣ್ಣೊರೆಸಿಕೊಳ್ಳುತ್ತಾರೆ, ಬೆವರೆಂದು ಸುಳ್ಳು ಹೇಳುವುದೂ ಇಲ್ಲ. "ಮೇಲ್ಗಡೆ ಇಷ್ಟು ಹಗುರ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎನ್ನುತ್ತಾರೆ.

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯೋಣ ಎಂದು ನಾವು ಕೇಳಿದರೆ, ಬುಡದಣ್ಣ ಲಾರಿಯಲ್ಲಿ ಹಗ್ಗ ಬಿಗಿಯುತ್ತಿರುವ ಭಾವಮೈದುನನ ಕಡೆ ಕೈ ತೋರಿಸುತ್ತಾರೆ.

"ಬುಡದಣ್ಣ ಅನ್ನೋ ಹೆಸರು ಇನ್ಮೇಲೆ ಅವನಿಗೆ ಹಾಕಿ. ನನ್ನ ಹೆಸರು ಏನು ಅಂತ ಮನೇಲಿ ಕೇಳ್ಕೊಂಡು ಬಂದು ಹೇಳ್ತೀನಿ."